ಚಳಿಯಲ್ಲೂ ಕೆಲಸ ಮಾಡುವ ಕಿಣ್ವ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು. ತಂಗಿ ಸಂಶೋಧನಾ ವಿದ್ಯಾರ್ಥಿನಿ. ಸೀಸೆಗಳಿದ್ದ ಐಸ್ ಡಬ್ಬಿಯನ್ನು ಎದೆಗವಚಿಕೊಂಡಿದ್ದಳು.

"ನಿನ್ನ ಗೈಡ್ ಸರ್ ಹೇಳಿದ ಹಾಗೆ ಅಂಕಿ ತಿದ್ದಿ ಕೊಟ್ಬಿಡೆ. ಪಿಎಚ್‌ಡಿಗೆ ಸೇರಿ ಐದು ವರ್ಷ ಆಯ್ತು," ಎಂದಳು ಅಕ್ಕ.

"ತಿದ್ದಲ್ಲ."

"ನಿಂದೇ ತಪ್ಪಿದ್ರೆ?"

"ಅದಕ್ಕೇ ಮೂರು ಸಲ ಮಾಡಿದೆ. ಬ್ಯಾಕ್ಟೀರಿಯಾ ಒಡೆದು, ಬೇರೆ ಪ್ರೋಟೀನೆಲ್ಲ ತೆಗೆದು, ಈ ಕಿಣ್ವ ಒಂದೇ ಉಳಿಯೋ ತನಕ ಶುದ್ಧ ಮಾಡಿದೆ. ಮೂರು ಸಲವೂ ಫ್ರಿಜ್ಜಿನ ಚಳಿಯಲ್ಲೇ ಹಾಲಿನ ಸಕ್ಕರೆ ಒಡೀತು."

"ಮತ್ತೆ ಅವರಿಗೇನಂತೆ ಕಷ್ಟ?"

"ಚಳಿಯಲ್ಲಿ ಇದು ಕೆಲಸ ಮಾಡಲ್ಲ ಅಂತ ಅವರೇ ಹಿಂದೆ ಬರೆದಿದ್ದಾರಲ್ಲ."

"ಅವರು ನಿನ್ನ ಪ್ರಬಂಧಕ್ಕೆ ಸಹಿ ಹಾಕದೇ ಹೋದ್ರೆ ಏನೇ ಮಾಡ್ತೀಯ?"

"ಹಾಕದೇ ಇರ್ಲಿ. ಬೇರೆ ಲ್ಯಾಬಿನವರು ಪರೀಕ್ಷೆ ಮಾಡ್ತೀವಿ ಅಂದಿದ್ದಾರೆ, ಈಗ ಅಲ್ಲಿಗೇ ಹೊರಟಿದ್ದೀನಿ. ಯಾವ ಸೀಸೆಯಲ್ಲಿ ಕಿಣ್ವ ಇದೆ, ಯಾವುದರಲ್ಲಿ ಬರೀ ನೀರಿದೆ ಅಂತ ಅವರಿಗೆ ಹೇಳಿಲ್ಲ, ಮೊದಲೇ ಗೊತ್ತಿದ್ರೆ ಬೇಕಾದ್ದೇ ಕಾಣಬಹುದು ಅಂತ."

"ಅಲ್ಲಿ ಸಕ್ಕರೆ ಒಡೀದಿದ್ರೆ?"

"ನಂದೇ ತಪ್ಪು ಅಂತ ನಾನೇ ಬರೀತೀನಿ. ಆದ್ರೆ ಕಣ್ಣಾರೆ ಕಂಡಿದ್ದನ್ನ ಕಂಡಿಲ್ಲ ಅಂತ ಮಾತ್ರ ಬರೆಯಲ್ಲ."

ಬಸ್ಸು ಬಂತು. ತಂಗಿ ಹತ್ತಿದಳು, ಹಿಂದೆಯೇ ಅಕ್ಕನೂ ಹತ್ತಿದಳು.

"ನೀನೆಲ್ಲಿಗೆ? ನನ್ನನ್ನ ಮನೆಗೆ ಕರ್ಕೊಂಡು ಹೋಗೋಕೆ ಬಂದವಳು ನೀನು."

"ಮುಂದೆ ನಡಿ. ಆ ಲ್ಯಾಬಿನವರೇನಂತಾರೋ ನಾನೂ ಕೇಳ್ಬೇಕು."

ಬಾಗಿಲು ಮುಚ್ಚಿತು.