ಎತ್ತಿದ ರಿಸೀವರ್

ಟೆಲಿಫೋನ್ ಕಚೇರಿಯಲ್ಲಿ ದೂರು ಕೊಡುವ ಸಾಲು ಆಮೆಗೆ ಪೈಪೋಟಿ ಕೊಡುತ್ತಿತ್ತು. ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು.

“ಕಂಪ್ಯೂಟರಿಗೆ ವಿಂಡೋಸ್ ತೆಗೆದು ಆ ಲಿನಕ್ಸ್ ಹಾಕ್ಬೇಡ ಅಂತ ಬಡ್ಕೊಂಡೆ ಕಣೇ,” ಎಂದಳು ಅಕ್ಕ.

“ಅದರ ತಪ್ಪಲ್ಲಕ್ಕಾ. ಏನೇನಾಯ್ತು ಅಂತ ಅದು ಬರೆದಿಡೋ ಲಾಗ್ ಓದ್ದೆ. ಫೋನ್ ಲೈನಲ್ಲಿ ಇಂಟರ್‌ನೆಟ್‌ಗೆ ಡಯಲ್ ಆಗುತ್ತೆ, ಪಾಸ್‌ವರ್ಡ್ ಒಪ್ಕೊಳ್ಳುತ್ತೆ, ಆಮೇಲೆ ಲೈನ್ ಕಟ್.”

“ಐದು ಗಂಟೆಯೊಳಗೆ ನಿನ್ನ ನರ್ಸಿಂಗ್ ಅರ್ಜಿ ಹೋಗ್ಬೇಕು. ಸರಿಯಾಗಿ ಯಾವಾಗ ಕಟ್ಟಾಗುತ್ತೆ?”

“ನಾನು ‘ಅಪ್ಪಾ, ಸಿಕ್ತು’ ಅಂತ ಕೂಗಿದ ತಕ್ಷಣ.”

“ಅಪ್ಪನಿಗ್ಯಾಕೆ ಕೂಗ್ತೀಯ?”

“ಅವರೇ ಹೇಳು ಅಂದಿದಾರೆ. ಹಾಲ್‌ನಲ್ಲಿ ಅದೇ ಲೈನಿನ ಇನ್ನೊಂದು ಫೋನ್ ಪಕ್ಕಾನೇ ಕೂತಿರ್ತಾರೆ.”

ಅಕ್ಕ ಅವಳನ್ನೇ ನೋಡಿದಳು.

“ಮೂವತ್ತು ವರ್ಷ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದವರು. ಲೈನ್ ಸೇರಿಸಿದ್ಮೇಲೆ ಏನ್ಮಾಡ್ತಿದ್ರು?”

“ಎರಡೂ ಕಡೆ ಕೇಳಿಸ್ತಿದೆಯಾ ಅಂತ ಒಂದ್ಸಲ ಕಿವಿಗೊಟ್ಟು...” ತಂಗಿ ಬಾಯಿ ಮುಚ್ಚಿಕೊಂಡಳು. “ಅಯ್ಯೋ! ರಿಸೀವರ್ ಎತ್ತಿ ಕೇಳ್ತಿದಾರೆ! ಅದಕ್ಕೇ ನೆಟ್ ಕಟ್ಟಾಗ್ತಿರೋದು!”

“ಮತ್ತೆ! ಈ ವಯಸ್ಸಲ್ಲೂ ಡ್ಯೂಟಿ.”

“ಎತ್ಬೇಡಿ ಅಂದ್ರೆ ನೊಂದ್ಕೋತಾರಕ್ಕಾ.”

“ಹಾಗನ್ಬೇಡ. ಕಂಪ್ಯೂಟರ್ ಮುಂದೆ ಕೂರ್ಸು. ಲಾಗ್‌ನಲ್ಲಿ ಬರೋ ಸಾಲು ಒಂದೊಂದಾಗಿ ಓದಿ ಹೇಳಿ ಅನ್ನು. ಇನ್ಮೇಲೆ ಅದೇ ಅವರ ಡ್ಯೂಟಿ.”

“ಅಲ್ಲೇ ಕೂತ್ರೆ ಅರ್ಜೀಲಿ ಒಂದಕ್ಷರ ತಪ್ಪಿದ್ರೂ ನನ್ನ ಬೈತಾರೆ.”

“ಬೈಸ್ಕೋ.”

ಅಷ್ಟರಲ್ಲಿ ಕೌಂಟರಿನವರು “ಮುಂದಿನವರು” ಎಂದು ಕರೆದರು. ಮುಕ್ಕಾಲು ಗಂಟೆ ಕಾದು ಗಳಿಸಿದ ಆ ಸರದಿಯನ್ನು ಇಬ್ಬರೂ ತಿರುಗಿಯೂ ನೋಡದೆ ನನಗೆ ಬಿಟ್ಟುಕೊಟ್ಟು ಬಾಗಿಲಿನತ್ತ ಓಡಿದರು.

“ಅರ್ಜಿ ಹೋದ್ಮೇಲೂ ಆ ಕಡೆಯವರಿಗೆ ಸಿಕ್ತಾ ಅಂತ ಕೇಳ್ತಾರೆ ನೋಡು,” ಎಂದು ತಂಗಿ ನಗುತ್ತಿದ್ದಳು.

“ಕೇಳ್ಲಿ ಬಿಡೇ. ನಿನ್ನ ಅರ್ಜಿ ಕಾಯೋಕೆ ಅವರಿಗಿಂತ ಒಳ್ಳೆ ಆಪರೇಟರ್ ಎಲ್ಲಿ ಸಿಗ್ತಾರೆ?”