ಧಾರೆ ಸೀರೆಯ ಪಟ

ತರೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಕಾಶಮ್ಮನ ಪಕ್ಕದ ಬೆಂಚಿನಲ್ಲಿ ರೈತನೊಬ್ಬ ಶಿವಮೊಗ್ಗದಿಂದ ಬಂದಿಳಿದ ಫೋಟೋದವನನ್ನು ವಿಚಾರಿಸುತ್ತಿದ್ದ.

"ಮಗಳ ಮದುವೆ ಪಟ ಕಣ್ರೀ. ಎಷ್ಟೊತ್ತು ಅಲ್ಲಾಡದಂಗೆ ಕೂರಬೇಕು?"

"ನಾನು ಸಾಕು ಅನ್ನೋವರೆಗೂ. ಅಲ್ಲಾಡಿದ್ರೆ ಮುಖ ಕಲಸಿಹೋಗ್ತದೆ."

"ಅವಳಿಗೆ ಕೆಮ್ಮು ತಡೆಯಕ್ಕಾಗಲ್ಲ. ಬೀರೂರಿನ ಫೋಟೋದೋನು ಅದಕ್ಕೇ ಬರಲ್ಲ ಅಂದ್ಬಿಟ್ಟ."

"ಕ್ಷಯವಾ, ಕಲ್ಲೇಶಪ್ಪನೋರೇ?"

"ಹೂಂ ಕಣಪ್ಪ."

"ವಾಸಿಯಾದ ಮೇಲೆ ಮದುವೆ ಇಟ್ಕೊಳ್ಳಿ. ಆಗ ತೆಗೆಯೋಣ."

"ಮದುವೆ ಎಲ್ಲಿ ಬಂತು? ಗಂಡಿನೋರು ಆಗ್ಲೇ ಬೇರೆ ಹೆಣ್ಣು ನೋಡ್ಕೊಂಡ್ರು. ತಂದಿಟ್ಟ ಧಾರೆ ಸೀರೆ ಉಟ್ಕೊಂಡು ಒಂದು ಪಟ ತೆಗೆಸ್ಕೋಬೇಕು ಅಂತಾಳೆ."

ಕಾಶಮ್ಮ ಮಡಿಸಿದ ವೀಳ್ಯದೆಲೆಯನ್ನು ಬಾಯಿಗಿಡದೆ ಹಾಗೇ ಕೂತಳು.

"ನಾಳೆ ಬತ್ತೀನಿ. ಮುಖ ಸರಿಯಾಗಿ ಬತ್ತದೆ ಅಂತ ಮಾತ್ರ ಹೇಳಲಾರೆ."

"ಸೀರೆನಾದ್ರೂ ಬರ್ಲಿ. ನಾಳೆ ಬ್ಯಾಡ, ಗಾಡಿ ತಂದಿದೀನಿ. ಈಗ್ಲೇ ನಡೀರಿ."

ಕ್ಯಾಮೆರಾ ಪೆಟ್ಟಿಗೆಯನ್ನು ಕಲ್ಲೇಶಪ್ಪ ತಾನೇ ಹೆಗಲಿಗೇರಿಸಿಕೊಂಡು, ಹಿಂದೆ ನೋಡದೆ ಗಾಡಿಯತ್ತ ನಡೆದ.