ಅರಿಸಿನದ ಕೊಂಬು

ವೀಸಾ ಮುಗಿದವರನ್ನು ಕೂಡಿಹಾಕುವ ಪರದೇಶದ ಜೈಲಿನಲ್ಲಿ ಮುನಿರತ್ನಮ್ಮನ ತಾಳಿ ಬಿಚ್ಚಿಸಿಕೊಂಡರು. ಏಳು ತಿಂಗಳಾದ ಮೇಲೆ ಬಿಟ್ಟಾಗ ವಾಪಸು ಕೊಡಲಿಲ್ಲ.

ಚನ್ನಪಟ್ಟಣದ ಬಸ್ಸಿನಲ್ಲಿ ಅವಳೂ ಅವಳ ಅಕ್ಕನೂ ಆಡುತ್ತಿದ್ದ ಮಾತು ಹಿಂದಿನ ಸೀಟಿನಲ್ಲಿದ್ದ, ಅವರ ಗುರುತಿಲ್ಲದ ಸುಚಿತ್ರಾಳ ಕಿವಿಗೆ ಬಿತ್ತು.

“ಪಾಸ್‌ಪೋರ್ಟ್ ಕಿತ್ತಿಟ್ಕೊಂಡಿದ್ದು ನೀನು ಕೆಲ್ಸಕ್ಕಿದ್ದ ಮನೆ ಯಜಮಾನಿ ಅಲ್ವೇನೆ?”

“ಊಂ ಕಣಕ್ಕ. ಒಳಿಕ್ಕಾಕಿದ್ದು ನನ್ನ. ನಲವತ್ತು ಹೆಂಗಸ್ರಿಗೆ ಒಂದೇ ಕಕ್ಕಸು, ಅದಕ್ಕೂ ಬಾಗ್ಲಿಲ್ಲ.”

“ಅಯ್ಯೋ ಶಿವನೇ! ಊರಲ್ಲಿ ಬಾಯ್ಬುಡ್ಬ್ಯಾಡ. ತಗೋ, ದಾರಕ್ಕೆ ಅರಿಸಿನದ ಕೊಂಬು ಕಟ್ಕೊಂಡು ತಂದಿವ್ನಿ. ಬರಿಗೊರಳಲ್ಲಿ ಇಳುದ್ರೆ ಗಂಡನ್ನ ತಿಂದ್ಕೊಂಡ್ಲು ಅಂತಾಳೆ ನಿಮ್ಮತ್ತೆ.”

“ಅವ್ನು ಗುಂಡ್ಕಲ್ಲಂಗೆ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾವ್ನಲ್ಲ!”

ಬಸ್ಸು ನಿಂತಿತು.

“ಕಟ್ಕೊಳ್ಳೇ!”

“ಕಟ್ಕೊಳ್ಳಾಕಿಲ್ಲ ಕಣಕ್ಕ. ತಾಳಿ ಎಲ್ಲಿ ಅಂತ ಎಲ್ರೂ ಕೇಳ್ಲಿ. ಯಾರು ಕಿತ್ಕೊಂಡ್ರು ಅಂತ ಹೇಳ್ತೀನಿ.”

ಕತ್ತಿಗೆ ಸೆರಗನ್ನೂ ಸುತ್ತಿಕೊಳ್ಳದೆ ಮುನಿರತ್ನಮ್ಮ ಇಳಿದು ನಡೆದಳು.